ಹಿಮದ ರಾತ್ರಿಯಲ್ಲಿ ಇಬ್ನ್ ಬತೂತಾ

ಇಬ್ನ್ ಬತೂತಾ ಎಂದೊಡನೆ ನಮಗೆ ಹೊನ್ನಾವರ, ಮಂಗಳೂರುಗಳು ನೆನಪಾಗುತ್ತವೆ. ಈ ಕರಾವಳಿಗೆ ಬರುವ ಕೆಲವು ವರ್ಷ ಮೊದಲು, 1330ರ ದಶಕದ ಆರಂಭದಲ್ಲಿ, ಇಂದಿನ ತುರ್ಕಿಯ ಅನಾತೋಲಿಯಾದಲ್ಲಿ ಅವರು ಹಿಮಕ್ಕೆ ಸಿಲುಕಿದ್ದರು.

ಹಿಮ ಸುರಿದು ದಾರಿಯೇ ಅಳಿಸಿಹೋಗಿತ್ತು. ಹಣ ಪಡೆದ ಮಾರ್ಗದರ್ಶಿ ನಡುದಾರಿಯಲ್ಲಿ ಕೈಬಿಟ್ಟು ಓಡಿದ. ಸಂಗಡಿಗರನ್ನು ಹಿಂದೆ ಬಿಟ್ಟು ಇಬ್ನ್ ಬತೂತಾ ಒಬ್ಬರೇ ಕುದುರೆಯೇರಿ ನೆರವು ಹುಡುಕಿ ಹೊರಟರು. ಕತ್ತಲಾದ ಮೇಲೆ ಒಂದು ಬಾಗಿಲು ಕಂಡಿತು. ಇವರ ಅರಬಿ ಅಲ್ಲಿದ್ದ ವೃದ್ಧರಿಗೆ ತಿಳಿಯದು, ಅವರ ತುರ್ಕಿ ಇವರಿಗೆ ತಿಳಿಯದು. ಅಲ್ಲಾಹನ ಅನುಗ್ರಹದಿಂದ ಅದು ಫಕೀರರ ಝಾವಿಯಾ, ಅಂದರೆ ಸೂಫಿಗಳ ತಂಗುದಾಣವಾಗಿತ್ತು. ಫಕೀರರು ಹಿಮದಲ್ಲೇ ಹೊರಟು ಸಂಗಡಿಗರನ್ನೂ ಸುರಕ್ಷಿತವಾಗಿ ಕರೆತಂದರು.

ಮುಂದೆ ಬೋಲು ಪಟ್ಟಣದಲ್ಲಿ ಅವರು ಇಳಿದುಕೊಂಡದ್ದು ಅಖೀಗಳ ಝಾವಿಯಾದಲ್ಲಿ. ಅಖೀಗಳು ಕಸುಬುದಾರ ಯುವಕರು. ಹಗಲಿನ ದುಡಿಮೆಯನ್ನು ಸಂಜೆ ಒಟ್ಟುಗೂಡಿಸಿ ಅತಿಥಿಗಳಿಗೆ ವೆಚ್ಚ ಮಾಡುತ್ತಿದ್ದರು. ಚಳಿಗಾಲವಿಡೀ ಅಲ್ಲಿ ಬೆಂಕಿ ಆರುತ್ತಿರಲಿಲ್ಲ. ಮೂಲೆಮೂಲೆಗೂ ಒಲೆ, ಹೊಗೆ ಮೇಲೇರಲು ಕಿಂಡಿ. ಬಟ್ಟೆ ಬದಲಿಸಿ ಮೈ ಕಾಯಿಸಿಕೊಂಡ ಯಾತ್ರಿಕರ ಮುಂದೆ ಊಟವೂ ಹಣ್ಣುಗಳೂ ಧಾರಾಳವಾಗಿ ಬಂದವು. ಪವಿತ್ರ ಕುರ್‌ಆನ್ (9:60) ಝಕಾತಿನಲ್ಲಿ ಪಯಣಿಗನಿಗೂ ಪಾಲಿಟ್ಟಿದೆ. ಆ ಯುವಕರು ತಮ್ಮ ದಿನಗೂಲಿಯನ್ನೇ ಇಟ್ಟರು. ಇಶಾ ಮುಗಿದೊಡನೆ ಬೀಗ ಬೀಳುವ ನಮ್ಮ ಮಸೀದಿಗಳ ಮಾತನ್ನು ಇಲ್ಲಿ ಎತ್ತದಿರುವುದೇ ಲೇಸು.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಮೊರಾಕೊದಲ್ಲಿ ಕುಳಿತು ತಮ್ಮ ಯಾತ್ರಾಕಥನವನ್ನು ಬರೆಸುವಾಗಲೂ ಇಬ್ನ್ ಬತೂತಾ ಆ ಒಲೆಗಳನ್ನು ಮರೆತಿರಲಿಲ್ಲ.