ಕಲಬುರಗಿಯ ಕಸಬಿನ ಕಲಿಕೆ: ಗಿರಣಿ ಮತ್ತು ತೋಟ

ವೃತ್ತಿಶಿಕ್ಷಣದ ಚರಿತ್ರೆಯನ್ನು ವಿದ್ಯಾಲಯಗಳ ಸ್ಥಾಪನೆಯಿಂದ ಆರಂಭಿಸುವುದು ನಮ್ಮಲ್ಲಿ ರೂಢಿ. ಕಲಬುರಗಿಯ ಮಟ್ಟಿಗೆ ಈ ಕ್ರಮ ಸಾಲದು. ಸೊಲ್ಲಾಪುರದ ಕಡೆಯಿಂದ ಬಂದ ರೈಲುಮಾರ್ಗ 1871ರಲ್ಲಿ ಈ ಊರನ್ನು ಹಾದು ರಾಯಚೂರನ್ನು ಮುಟ್ಟಿತು. ಆ ಶತಮಾನ ಮುಗಿಯುವುದರೊಳಗೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಹೆಸರಿನ ಹತ್ತಿಯ ಗಿರಣಿ ಇಲ್ಲಿ ತಲೆಯೆತ್ತಿತು. ಜನರು ಎಂ. ಎಸ್. ಕೆ. ಮಿಲ್ ಎನ್ನುವುದು ಇದನ್ನೇ. ಭಾರತದ ಹತ್ತಿ ಗಿರಣಿಗಳಲ್ಲಿ ಹೊಸಬನಿಗೆ ಪಠ್ಯವೆಂಬುದಿರಲಿಲ್ಲ. ಕಡಿದ ನೂಲನ್ನು ಕೂಡಿಸುವ ಚಳಕವನ್ನು ಆತನು ಹಳಬನ ಪಕ್ಕದಲ್ಲಿ ನಿಂತು ಕಲಿಯಬೇಕು. ನೇಮಕವೂ ಮೇಲ್ವಿಚಾರಣೆಯೂ ಜಾಬರನ ಕೈಯಲ್ಲಿ. ಕಲಿಕೆಯೇನೋ ಗಟ್ಟಿಯಾದುದು, ಆದರೆ ಪ್ರಮಾಣಪತ್ರವಿಲ್ಲದ ಇಂತಹ ವಿದ್ಯೆ ಗಿರಣಿಯ ಬಾಗಿಲಿನಾಚೆ ಬೆಲೆ ಪಡೆಯುವುದು ಕಷ್ಟ. 1974ರಲ್ಲಿ ರಾಷ್ಟ್ರೀಕರಣಗೊಂಡ ಈ ಗಿರಣಿಯೂ ಕಾಲಕ್ರಮದಲ್ಲಿ ಮುಚ್ಚಿತು.

1950ರ ಕುಶಲಕರ್ಮಿ ತರಬೇತಿ ಯೋಜನೆ ಮತ್ತು 1961ರ ಅಪ್ರೆಂಟಿಸ್ ಕಾಯಿದೆ ಈ ಕೊರತೆಯನ್ನು ತುಂಬಹೊರಟವು. 1958ರಲ್ಲಿ ನಗರಕ್ಕೆ ಇಂಜಿನಿಯರಿಂಗ್ ಕಾಲೇಜೂ ಬಂದಿತು. ಅದರ ಗುರಿ ಬೇರೆ. ಇವೆಲ್ಲವೂ ಮುಖ್ಯವಾಗಿ ಯಂತ್ರದ ಕಸಬುಗಳನ್ನೇ ನೆನೆದವು.

ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪುಬಾಳೆಯ ವಿಷಯ ಹಾಗಲ್ಲ. ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯುಂಟು. ಕೆಂಪುಬಾಳೆ ಒಮ್ಮೊಮ್ಮೆ ಹಸಿರಿಗೆ ಮರಳುವ ಸ್ವಭಾವದ್ದಾದುದರಿಂದ, ಕಂದನ್ನು ಕೀಳುವ ಮೊದಲು ತಾಯಿಗಿಡವನ್ನು ಪರೀಕ್ಷಿಸಬಲ್ಲ ಕಣ್ಣು ಬೇಕು. ಅದು ತೋಟದಲ್ಲಿಯೇ ಬರುವ ವಿದ್ಯೆ. ಗೊನೆ ಕೈಗೆ ಬರಲು ಒಂದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತದೆ. ಆರು ತಿಂಗಳ ತರಬೇತಿಗೆಂದು ಬಂದು ಕಂದು ನೆಟ್ಟ ವಿದ್ಯಾರ್ಥಿ ತನ್ನ ಗಿಡದ ಗೊನೆಯನ್ನು ಕಾಣದೆಯೇ ಊರಿಗೆ ಮರಳಬೇಕಾದೀತು.