ಬಂದನೋ, ಬಂದಳೋ, ಬಂದಿತೋ: ಯಂತ್ರಮಾನವನ ಲಿಂಗ ಮತ್ತು ಉತ್ತರ ಕನ್ನಡದ ನಪುಂಸಕ

ಯಂತ್ರಮಾನವನಿಗೆ ಭಾಷಿಕರು ಯಾವ ಲಿಂಗವನ್ನು ಆರೋಪಿಸುತ್ತಾರೆ ಎಂಬುದನ್ನು ಅರಿಯಲು ಸಾಮಾನ್ಯವಾಗಿ ಸರ್ವನಾಮವನ್ನೇ ಅಳತೆಗೋಲಾಗಿ ಹಿಡಿಯಲಾಗುತ್ತದೆ. ‘ಅದು’ ಎಂದರೆ ವಸ್ತು, ‘ಅವನು’ ಅಥವಾ ‘ಅವಳು’ ಎಂದರೆ ವ್ಯಕ್ತಿ ಎಂಬುದು ಇದರ ಹಿಂದಿನ ಗೃಹೀತ. ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳ ಬಹುಭಾಷಾ ಪರಿಸರದಲ್ಲಿ ಈ ಗೃಹೀತ ನಿಲ್ಲುವುದಿಲ್ಲ ಎಂಬುದು ನಮ್ಮ ವಾದ.

ಮೊದಲು ಪದದ ಚರಿತ್ರೆ. ಕಾರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕ 1920ರಲ್ಲಿ ಪ್ರಕಟವಾಗಿ, 1921ರಲ್ಲಿ ಪ್ರಾಗ್‌ನಲ್ಲಿ ರಂಗವೇರಿತು. ಬಿಟ್ಟಿದುಡಿಮೆ ಎಂಬರ್ಥದ ‘ರೊಬೊಟ’ದಿಂದ ಹುಟ್ಟಿದ ‘ರೊಬೊಟ್’ ಚೆಕ್ ಭಾಷೆಯಲ್ಲಿ ಪುಲ್ಲಿಂಗ. ಅದರ ಬಹುವಚನ ‘ರೊಬೊಟಿ’ ಜೀವಿವಾಚಕ ಪ್ರತ್ಯಯವನ್ನು ಪಡೆದಿದೆ. ಹೆಣ್ಣಿಗೆ ‘ರೊಬೊಟ್ಕ’ ಎಂಬ ರೂಪ ನಾಟಕದಲ್ಲೇ ಇದೆ. ಕನ್ನಡದಲ್ಲಿ ಹಾದಿ ಕವಲೊಡೆಯುತ್ತದೆ. ‘ಯಂತ್ರಮಾನವ’ ಉತ್ತರಪದದ ಬಲದಿಂದ ‘ಬಂದನು’ ಎಂಬುದರತ್ತ ವಾಲಿದರೆ, ಎರವಲು ‘ರೋಬೋಟ್’ ‘ಬಂದಿತು’ ಎಂಬಲ್ಲಿ ನಿಲ್ಲುತ್ತದೆ. ಒಂದೇ ವಸ್ತುವಿನ ಲಿಂಗವನ್ನು ಇಲ್ಲಿ ಪದದ ಆಯ್ಕೆಯೇ ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ.

ಈ ನಾಲ್ಕು ತಾಲೂಕುಗಳಲ್ಲಿ ಕನ್ನಡ ಒಂಟಿಯಾಗಿಲ್ಲ. ಜೋಯಿಡಾದ ಕುಣಬಿಗಳದು ಕೊಂಕಣಿ. ಹಳಿಯಾಳದಲ್ಲಿ ಮರಾಠಿಯ ಬಳಕೆ ಗಾಢ. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯನ್ನು ಕೈಗಾರಿಕಾ ಪಟ್ಟಣವಾಗಿಸಿತು; ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ವಸತಿಯಿದೆ. ಉರ್ದುವಿನಲ್ಲಿ ನಪುಂಸಕವೇ ಇಲ್ಲ: ‘ಮಶೀನ್’ ಸ್ತ್ರೀಲಿಂಗ, ‘ರೋಬೋಟ್’ ಪುಲ್ಲಿಂಗ. ಮರಾಠಿ, ಕೊಂಕಣಿಗಳಲ್ಲಿ ಮೂರು ಲಿಂಗಗಳಿದ್ದರೂ ಅವು ನಾಮಪದಕ್ಕೆ ಅಂಟಿದವು. ಟಿಬೆಟನ್ ಕ್ರಿಯಾಪದವಾದರೋ ಲಿಂಗವನ್ನು ತೋರುವುದೇ ಇಲ್ಲ.

ತೊಡಕಿನ ನೆಲೆ ನಪುಂಸಕದಲ್ಲಿದೆ. ಕೊಂಕಣಿಯಲ್ಲಿ ಹುಡುಗಿಯನ್ನು ಸೂಚಿಸುವ ‘ಚೆಡುಂ’ ನಪುಂಸಕ. ಹುಡುಗಿ ಬಂದರೂ ಯಂತ್ರ ಬಂದರೂ ‘ಆಯ್ಲೆಂ’. ನೆರೆಯ ಶಿರಸಿ ಸೀಮೆಯ ಹವ್ಯಕ ಕನ್ನಡದಲ್ಲಿ ಹೆಂಗಸರ ವಿಷಯದಲ್ಲಿ ‘ಬಂತು’ ಎಂಬಂಥ ರೂಪ ಸಹಜ. ಇದು ಗ್ರಾಮ್ಯದ ಅಪವಾದವಲ್ಲ. ‘ಹುಡುಗಿ ಬಂದಳು’, ‘ಹುಡುಗಿ ಬಂದಿತು’ ಎಂಬ ಎರಡನ್ನೂ ಒಪ್ಪುವ ‘ಸ್ತ್ರೀನಪುಂಸಕ’ವನ್ನು ನಮ್ಮ ಸಾಂಪ್ರದಾಯಿಕ ವ್ಯಾಕರಣ ಗುರುತಿಸಿದೆ, 13ನೆಯ ಶತಮಾನದ ಕೇಶಿರಾಜನೂ ಲಿಂಗಗಳನ್ನು ಮೂರಕ್ಕೇ ಸೀಮಿತಗೊಳಿಸಲಿಲ್ಲ.

ಇದೇ ಜಿಲ್ಲೆಯ ಶಿರಸಿಯಲ್ಲಿ ಉಪನ್ಯಾಸಕರೊಬ್ಬರು ಮಕ್ಕಳ ಕಲಿಕೆಗಾಗಿ ರೂಪಿಸಿದ ‘ಶಿಕ್ಷಾ’ ಯಂತ್ರ 2022ರಲ್ಲಿ ಸುದ್ದಿಯಾಯಿತು. ಅದರದು ಶಾಲಾ ಬಾಲಕಿಯ ರೂಪ. ಕೊಂಕಣಿ ಮನೆಮಾತಿನ ಮಗು ಅದನ್ನು ನಪುಂಸಕದಲ್ಲಿ ಕರೆದರೆ, ಅದು ಯಂತ್ರವೆಂದೋ ಹುಡುಗಿಯೆಂದೋ? ಕ್ರಿಯಾರೂಪ ಉತ್ತರಿಸದು. 2020ರಲ್ಲಿ ಬೆಂಗಳೂರಿನಲ್ಲಿ ಇಸ್ರೋ ಪ್ರದರ್ಶಿಸಿದ ‘ವ್ಯೋಮಮಿತ್ರ’ದ ಗೋಜಲು ಬೇರೆ ಬಗೆಯದು: ಗೆಳೆಯ ಎಂಬರ್ಥದ ‘ಮಿತ್ರ’ ಸಂಸ್ಕೃತದಲ್ಲಿ ನಪುಂಸಕ, ಕನ್ನಡದಲ್ಲಿ ಪುಲ್ಲಿಂಗ, ಹೆಸರು ಹೊತ್ತ ಆಕೃತಿ ಸ್ತ್ರೀಯದು.

ಹೀಗಾಗಿ ‘ಅದು’ ಎಂಬುದನ್ನು ಅಮಾನವೀಕರಣವೆಂದು ಎಣಿಸುವ ಸಮೀಕ್ಷೆ, ಈ ಸೀಮೆಯ ತಾಯಂದಿರು ಮಗಳ ಬಗ್ಗೆ ಆಡುವ ಅಕ್ಕರೆಯ ಮಾತನ್ನೂ ತಪ್ಪಾಗಿ ಓದೀತು. ಅದೇ ಭಾಷಿಕ ಮಗಳಿಗೆ, ಅಪರಿಚಿತ ಮಹಿಳೆಗೆ, ಯಂತ್ರಕ್ಕೆ ಬಳಸುವ ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಯಂತ್ರಕ್ಕೆ ದೊರೆತ ‘-ಳು’ ಅಥವಾ ‘-ತು’ ಏನನ್ನು ಹೇಳುತ್ತಿದೆ ಎಂಬುದು ತಿಳಿಯುತ್ತದೆ. ಯಂತ್ರದ ಲಿಂಗವನ್ನು ಕೇಳುವ ಮುನ್ನ ಹೆಣ್ಣಿನ ಲಿಂಗವನ್ನು ಆ ಮನೆಮಾತು ಹೇಗೆ ಹೇಳುತ್ತದೆ ಎಂದು ಕೇಳಬೇಕಾಗಿದೆ.