ನ್ಯೂಯಾರ್ಕ್ ನಗರದ ಮೇಯರುಗಳ ಗಣನೆ

ನ್ಯೂಯಾರ್ಕ್ ನಗರದ ಮೇಯರುಗಳನ್ನು ಕ್ರಮಸಂಖ್ಯೆಯಿಂದ ನಿರ್ದೇಶಿಸುವ ವಾಡಿಕೆಯುಂಟು. 2026ನೆಯ ಇಸವಿ ಜನವರಿ 1ರಂದು ಅಧಿಕಾರವನ್ನು ವಹಿಸಿದ ಜೋಹ್ರಾನ್ ಮಮ್ದಾನಿಯವರು ರೂಢಿಯ ಲೆಕ್ಕದಂತೆ 111ನೆಯವರು. ಹಳೆಯ ದಸ್ತಾವೇಜುಗಳನ್ನು ನೋಡಿದರೆ ಈ ಸಂಖ್ಯೆಯು 112 ಆಗತಕ್ಕದ್ದೆಂದು ತೋರುತ್ತದೆ. ಒಂದು ಅಂಕೆಯ ವ್ಯತ್ಯಾಸಕ್ಕೆ ಇಷ್ಟು ವಿಚಾರವೇಕೆಂದು ವಾಚಕರು ಕೇಳಬಹುದು. ಆ ಪಟ್ಟಣವು ಹದಿನೈದು ತಿಂಗಳ ಕಾಲ ಪರರ ಕೈಸೇರಿ ಮರಳಿ ಬಂದ ವೃತ್ತಾಂತವು ಈ ಒಂದು ಅಂಕೆಯಲ್ಲಿ ಅಡಗಿದೆ.

ಪಟ್ಟಣವು ಮೊದಲು ಡಚ್ಚರದು. ಆಗ ಅದರ ಹೆಸರು ನ್ಯೂ ಆಮ್‌ಸ್ಟರ್‌ಡಾಮ್. 1653ರಲ್ಲಿ ಅವರು ಅಲ್ಲಿ ತಮ್ಮ ದೇಶದ ರೀತಿಯ ಪೌರಾಡಳಿತವನ್ನು ಏರ್ಪಡಿಸಿ, ಬರ್ಗೊಮಾಸ್ಟರರೆಂಬ ಪುರಪ್ರಮುಖರನ್ನೂ ಸ್ಕೆಪನರೆಂಬ ನ್ಯಾಯಾಧಿಕಾರಿಗಳನ್ನೂ ನೇಮಿಸಿದರು. 1664ರಲ್ಲಿ ಆಂಗ್ಲೇಯರು ಯುದ್ಧವಿಲ್ಲದೆಯೇ ಊರನ್ನು ವಶಪಡಿಸಿಕೊಂಡರು. ಮರುವರ್ಷ ಜೂನ್ ತಿಂಗಳಲ್ಲಿ ಗವರ್ನರ್ ರಿಚರ್ಡ್ ನಿಕಲ್ಸನು ಡಚ್ ಪದವಿಗಳನ್ನು ರದ್ದುಮಾಡಿ, ಮೇಯರ್, ಆಲ್ಡರ್‌ಮನ್, ಷೆರೀಫ್ ಎಂಬ ಇಂಗ್ಲಿಷ್ ಪದವಿಗಳನ್ನು ತಂದನು. ಮೊದಲನೆಯ ಮೇಯರು ತಾಮಸ್ ವಿಲೆಟ್. ಪ್ಲಿಮತ್ ವಸಾಹತಿನ ವರ್ತಕ, ಡಚ್ಚರ ರೀತಿನೀತಿಗಳನ್ನು ಬಲ್ಲವನು.

ಮೇಯರನ್ನು ನೇಮಿಸುತ್ತಿದ್ದವನು ಗವರ್ನರನೇ. ಅವಧಿಯು ಸಾಮಾನ್ಯವಾಗಿ ಒಂದು ವರ್ಷ. ಯೋಗ್ಯರಾದವರು ಕೆಲವರೇ ಇದ್ದುದರಿಂದ ಅದೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ವಿಲೆಟನು ಎರಡು ಸಲ, ತಾಮಸ್ ಡೆಲವಾಲನು ಮೂರು ಸಲ ಮೇಯರಾದರು. ನಡುವೆ ಬೇರೊಬ್ಬನು ಬಂದು ಹೋದ ಪ್ರತಿಯೊಂದು ಸಲವೂ ಪಟ್ಟಿಗಾರರು ಅವರಿಗೆ ಹೊಸ ಸಂಖ್ಯೆಯನ್ನೇ ಕೊಟ್ಟಿರುವರು. ಈ ನಿಯಮವನ್ನು ನೆನಪಿನಲ್ಲಿಡಬೇಕು.

1672ರಲ್ಲಿ ಮೇಯರಾದವನು ಮಥಾಯಸ್ ನಿಕಲ್ಸ್. (ಮೇಲೆ ಹೇಳಿದ ಗವರ್ನರನೇ ಇವನೆಂದು ಭ್ರಮಿಸಬಾರದು, ಇವನು ಪ್ರಾಂತದ ಕಾರ್ಯದರ್ಶಿ, 1683ರ ಪ್ರಥಮ ಪ್ರಜಾಪ್ರತಿನಿಧಿ ಸಭೆಯ ಅಧ್ಯಕ್ಷ.) ಅವನ ತರುವಾಯ ಜಾನ್ ಲಾರೆನ್ಸನು ಬಂದನು. 1673ರ ಆಗಸ್ಟಿನಲ್ಲಿ ಡಚ್ ನೌಕಾಬಲವು ಬಂದು ಊರನ್ನು ಹಿಡಿಯಿತು. ಊರಿಗೆ ನ್ಯೂ ಆರೆಂಜ್ ಎಂಬ ಹೆಸರಾಯಿತು. ಮೇಯರ ಪದವಿಯು ಅಳಿದು ಬರ್ಗೊಮಾಸ್ಟರರು ಮರಳಿದರು. 1674ರ ವೆಸ್ಟ್‌ಮಿನ್ಸ್ಟರ್ ಸಂಧಿಯಂತೆ ಆ ವರ್ಷದ ನವೆಂಬರಿನಲ್ಲಿ ಊರು ಪುನಃ ಆಂಗ್ಲೇಯರಿಗೆ ಸೇರಿತು. ಹೊಸ ಗವರ್ನರ್ ಎಡ್ಮಂಡ್ ಆಂಡ್ರಾಸನು ಮಥಾಯಸ್ ನಿಕಲ್ಸನನ್ನೇ ಎರಡನೆಯ ಸಲ ಮೇಯರನ್ನಾಗಿ ನೇಮಿಸಿದನು. 1675ರಲ್ಲಿ ವಿಲಿಯಂ ಡರ್ವಾಲನು ಆ ಸ್ಥಾನಕ್ಕೆ ಬಂದನು.

ರೂಢಿಯ ಪಟ್ಟಿಯಲ್ಲಿ ಈ ಎರಡನೆಯ ನೇಮಕವೇ ಇಲ್ಲ. ಅದರ ಬದಲು ಲಾರೆನ್ಸನ ಅವಧಿಯನ್ನು 1675ರವರೆಗೆ ಎಳೆಯಲಾಗಿದೆ. ಇದರಿಂದ ಎರಡು ಸಂಗತಿಗಳು ಮರೆಯಾದವು: ಮೇಯರೇ ಇಲ್ಲದ ಡಚ್ಚರ ಕಾಲ ಒಂದು, ನಿಕಲ್ಸನ ವರ್ಷ ಇನ್ನೊಂದು. ಪಟ್ಟಿಯು ಅಖಂಡವಾಗಿ ಕಾಣಬೇಕೆಂಬ ಆಸೆಯಿಂದ ತೆರಪನ್ನು ಹಿಂದಿನವನ ಹೆಸರಿನಿಂದ ತುಂಬುವುದು ರಾಜವಂಶಾವಳಿಗಳನ್ನು ಪರಿಶೀಲಿಸಿದವರಿಗೆ ಹೊಸದಲ್ಲ.

ಲೋಪವಾದ ವರ್ಷವಾದರೋ ಸಾಮಾನ್ಯವಾದುದಲ್ಲ. 1675ರ ಮಾರ್ಚಿಯಲ್ಲಿ ಆಂಡ್ರಾಸನು ಡಚ್ ನಿವಾಸಿಗಳಿಂದ ರಾಜನಿಷ್ಠೆಯ ಪ್ರಮಾಣವನ್ನು ಕೇಳಿದನು. ಎಂಟು ಮಂದಿ ಪ್ರಮುಖರು, 1664ರ ಶರಣಾಗತಿಯಲ್ಲಿ ತಮಗೆ ಕೊಟ್ಟಿದ್ದ ಸ್ವಾತಂತ್ರ್ಯಗಳು ಸ್ಥಿರಪಡಬೇಕೆಂದು ಹಟಹಿಡಿದು ವಿಚಾರಣೆಗೆ ಗುರಿಯಾದರು. ಅವರಲ್ಲಿ ಒಬ್ಬನು ಕಾರ್ನೆಲಿಸ್ ಸ್ಟೀನ್‌ವಿಕ್. 1668ರಲ್ಲಿ ತಾನೇ ಮೇಯರಾಗಿದ್ದು, ಡಚ್ಚರು ಮರಳಿದಾಗ ಅವರ ಗವರ್ನರನ ಆಲೋಚನಾಸಭೆಯಲ್ಲಿ ಕುಳಿತವನು. ಅವನು 1682ರಲ್ಲಿ ಪುನಃ ಮೇಯರಾದನು. ಪಟ್ಟಿಯಲ್ಲಿ ಅವನಿಗೆ ಎರಡು ಸಂಖ್ಯೆಗಳಿವೆ. ಪ್ರಮಾಣವನ್ನು ನಿರಾಕರಿಸಿದವನಿಗೆ ಎರಡು, ಆ ವರ್ಷ ಪೀಠದಲ್ಲಿದ್ದವನಿಗೆ ಒಂದೇ! ಇದು ಬುದ್ಧಿಪೂರ್ವಕವಾಗಿ ಆದುದಲ್ಲ, ಅಜಾಗರೂಕತೆಯೆಂದೇ ನಮ್ಮ ಅಭಿಪ್ರಾಯ.

ವ್ಯಕ್ತಿಗಳನ್ನು ಎಣಿಸಿದರೆ ಸಾಕು, ಅವಧಿಗಳನ್ನಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ 1803ರಿಂದ 1815ರೊಳಗೆ ಮೂರು ಸಲ ಪದವಿಗೆ ಬಂದ ಡೆವಿಟ್ ಕ್ಲಿಂಟನನ ಮೂರು ಸಂಖ್ಯೆಗಳಲ್ಲಿ ಎರಡನ್ನು ಅಳಿಸಬೇಕಾಗುವುದು. ಅದಕ್ಕೆ ಯಾರೂ ಸಿದ್ಧರಿಲ್ಲ. ಗಲಭೆಯ ಕಾಲವೆಂಬ ನೆಪವೂ ನಿಲ್ಲದು. ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಊರನ್ನು ಹಿಡಿದಿದ್ದಾಗ ಮೇಯರಾಗಿದ್ದ ಡೇವಿಡ್ ಮ್ಯಾಥ್ಯೂಸನಿಗೂ ಪಟ್ಟಿಯಲ್ಲಿ ಸ್ಥಾನವಿದೆ.

ಈ ಗಣನೆಯು ಒಂದೇ ಬಗೆಯ ಪದವಿಯದೂ ಅಲ್ಲ. ಸ್ವಾತಂತ್ರ್ಯಾನಂತರ ರಾಜ್ಯದ ನೇಮಕಮಂಡಲಿಯು ಮೇಯರನ್ನು ಆರಿಸಿತು, 1821ರಿಂದ ಪುರಸಭೆಯು, 1834ರಿಂದ ಪೌರರೇ. ಆ ಮೊದಲ ಚುನಾವಣೆಯು ಮೂರು ದಿನ ನಡೆದು ಬೀದಿಜಗಳಗಳಾಗಿ, ಕಾರ್ನೀಲಿಯಸ್ ಲಾರೆನ್ಸನು ಇನ್ನೂರಕ್ಕೂ ಕಡಮೆ ಮತಗಳ ಅಂತರದಿಂದ ಗೆದ್ದನು. 1898ರಲ್ಲಿ ಬ್ರೂಕ್ಲಿನ್ ಮೊದಲಾದುವು ಸೇರಿ ಮಹಾನಗರವಾಯಿತು. ಬ್ರೂಕ್ಲಿನ್ನಿನ ಮೇಯರುಗಳು ಲೆಕ್ಕಕ್ಕೆ ಬರಲಿಲ್ಲ. ಅಲ್ಲಿಯೂ ಇಲ್ಲಿಯೂ ಮೇಯರಾದ ಸೇತ್ ಲೋ ಎಂಬವನಿಗೆ 1902ರ ಪದವಿಯ ಸಂಖ್ಯೆಯೊಂದೇ.

ನಿಕಲ್ಸನ ವಿಷಯವನ್ನು ಸಂಶೋಧಕರು ಹಿಂದೆಯೇ ಎತ್ತಿದ್ದರು. 2025ರಲ್ಲಿ ಅದು ಪುನಃ ಬೆಳಕಿಗೆ ಬಂದಿತು. ಅವನಿಗೆ ನ್ಯಾಯವಾಗಿ ಸಲ್ಲುವ ಎರಡನೆಯ ಸಾಲನ್ನು ಬರೆದರೆ, ಅಲ್ಲಿಂದ ಕೆಳಗೆ ಪ್ರತಿಯೊಬ್ಬರ ಸಂಖ್ಯೆಯೂ ಒಂದೊಂದು ಏರುವುದು: ಡರ್ವಾಲನು 8ನೆಯವನಲ್ಲ, 9ನೆಯವನು, 1934ರಲ್ಲಿ ಪದವಿಗೆ ಬಂದ ಲಾ ಗಾರ್ಡಿಯನು 99ನೆಯವನಲ್ಲ, 100ನೆಯವನು.